ಗೇರ್ ಎಣ್ಣೆ ಎಲ್ಲಿಂದ ಸೋರುತ್ತಿದೆ? ಹಳೆಯ ಟೂ-ಸ್ಟ್ರೋಕ್ ಬೈಕಿನ ರಿಪೇರಿ ಟಿಪ್ಪಣಿ

ಗಾಡಿ 100 ಸಿಸಿಯ ಹಳೆಯ ಟೂ-ಸ್ಟ್ರೋಕ್. ಒಂದೇ ಸಿಲಿಂಡರ್, ನಾಲ್ಕು ಗೇರ್. ಈಗಿನ ಹೆಚ್ಚಿನ ಫೋರ್-ಸ್ಟ್ರೋಕ್ ಬೈಕ್‌ಗಳಲ್ಲಿ ಎಂಜಿನ್‌ಗೂ ಗೇರ್ ಬಾಕ್ಸಿಗೂ ಒಂದೇ ಎಣ್ಣೆ. ಇದರಲ್ಲಿ ಹಾಗಿಲ್ಲ. ಪೆಟ್ರೋಲ್ ಜೊತೆ ಉರಿದು ಹೋಗುವ 2ಟಿ ಎಣ್ಣೆ ಬೇರೆ, ಗೇರ್ ಮತ್ತು ಕ್ಲಚ್ ಪ್ಲೇಟ್‌ಗಳನ್ನು ನೆನೆಸುವ ಗೇರ್ ಎಣ್ಣೆ ಬೇರೆ. ಗೇರ್ ಎಣ್ಣೆ ಉರಿಯುವ ಎಣ್ಣೆಯಲ್ಲ, ಹಾಕಿದಷ್ಟು ಇರಬೇಕು. ಕಡಿಮೆಯಾಗಿದೆ ಅಂದರೆ ಒಂದೋ ಹೊರಗೆ ಸೋರಿದೆ, ಇಲ್ಲವೇ ಕ್ರ್ಯಾಂಕ್ ಕೇಸಿಗೆ (ಪಿಸ್ಟನ್ ಕೆಳಗಿನ ಎಂಜಿನ್ ಕೋಣೆಗೆ) ನುಗ್ಗಿ ಹೊಗೆಯಾಗಿ ಹೋಗಿದೆ.

ತೊಂದರೆ ಇಷ್ಟು. ರಾತ್ರಿ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಬೆಳಗ್ಗೆ ಗಾಡಿಯ ಎಡಗಡೆ ನೆಲದ ಮೇಲೆ ಕಂದು ಬಣ್ಣದ ಕಲೆ. ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) ಕವರಿನ ಕೆಳಗಿನ ಅಂಚಿನಲ್ಲಿ ಒಂದು ಹನಿ ಯಾವಾಗಲೂ ನೇತಾಡುತ್ತಿರುತ್ತದೆ. ಓಡಿಸಿ ಬಂದರೆ ಚೈನಿನ ಕೆಳಭಾಗ ಮತ್ತು ಹಿಂದಿನ ಚಕ್ರದ ರಿಮ್‌ನ ಎಡಬದಿಯ ಮೇಲೆ ಎಣ್ಣೆ ಚಿಮ್ಮಿರುತ್ತದೆ. ಇದನ್ನು ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲ್ ಹೋಗಿದೆ, ಬದಲಾಯಿಸಿಬಿಡಿ." ಆಯಿಲ್ ಸೀಲ್ ಅಂದರೆ ತಿರುಗುವ ಶಾಫ್ಟಿನ ಸುತ್ತ ಕೂತು ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ. ಅವರ ಮಾತು ಅರ್ಧ ನಿಜವಾಗಿತ್ತು. ಆ ಉಳಿದರ್ಧ ಸಿಗುವುದಕ್ಕೇ ಇಷ್ಟೆಲ್ಲ ಕೆಲಸ ಆಯಿತು. ಅದಕ್ಕೇ ಹಂತ ಹಂತವಾಗಿ ಬರೆದಿಡುತ್ತಿದ್ದೇನೆ.

ಬಳಸಿದ ಸಾಮಾನು: 8, 10, 12 ಮಿ.ಮೀ. ಬಾಕ್ಸ್ ಸ್ಪ್ಯಾನರ್‌ಗಳು, ಸ್ಪ್ರಾಕೆಟ್ ನಟ್‌ಗೆ 27 ಮಿ.ಮೀ. ಸಾಕೆಟ್, ಇಂಪ್ಯಾಕ್ಟ್ ಸ್ಕ್ರೂ ಡ್ರೈವರ್, ಟಾರ್ಕ್ ರೆಂಚ್, ವರ್ನಿಯರ್ ಕ್ಯಾಲಿಪರ್, ಅಳತೆ ಗೆರೆ ಇರುವ ಜಾರ್, ಸೀಮೆಎಣ್ಣೆ, ಹಳೆಯ ಟೂತ್ ಬ್ರಷ್, ಹತ್ತಿ ಬಟ್ಟೆ, ಟಾಲ್ಕಂ ಪೌಡರ್, ರಟ್ಟು, ಒಳ್ಳೆಯ ಟಾರ್ಚ್. ಇದರಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಪೌಡರ್ ಮತ್ತು ಟಾರ್ಚ್.

ಹಂತ 1: ಇದು ಯಾವ ಎಣ್ಣೆ?

ಬೈಕಿನ ಕೆಳಗೆ ಬಿದ್ದ ಹನಿ ಎಲ್ಲವೂ ಗೇರ್ ಎಣ್ಣೆ ಆಗಿರಬೇಕು ಅಂತೇನಿಲ್ಲ. ಟೂ-ಸ್ಟ್ರೋಕ್ ಗಾಡಿಯಲ್ಲಂತೂ ಅನುಮಾನ ಪಡಬೇಕಾದವು ಜಾಸ್ತಿ. ಕಾರ್ಬುರೇಟರ್ ಉಕ್ಕಿದರೆ ಪೆಟ್ರೋಲ್ ಗೇರ್ ಬಾಕ್ಸಿನ ಮೇಲೇ ಸುರಿಯುತ್ತದೆ, ಅಲ್ಲಿರುವ ಹಳೆಯ ಜಿಡ್ಡನ್ನು ಕರಗಿಸಿಕೊಂಡು ಕೆಳಗೆ ಇಳಿಯುತ್ತದೆ. ನೋಡಿದರೆ ಎಣ್ಣೆ ಸೋರಿದ ಹಾಗೇ ಕಾಣುತ್ತದೆ. 2ಟಿ ಎಣ್ಣೆಯ ಪಂಪ್ ಮತ್ತು ಅದರ ಸಣ್ಣ ಪೈಪ್ ಇವೆ. ಚೈನಿಗೆ ಹಾಕಿದ ಎಣ್ಣೆ ಸ್ಪ್ರಾಕೆಟ್ ಕವರಿನೊಳಗೆ ಕೂತು ಬಿಸಿಯಾದಾಗ ಇಳಿಯುವುದೂ ಉಂಟು. ಸೈಲೆನ್ಸರ್ ಬಾಯಿಯ ಜಾಯಿಂಟಿನಿಂದ ಕಪ್ಪು ಎಣ್ಣೆ ಜಿನುಗುವುದು ಟೂ-ಸ್ಟ್ರೋಕ್‌ನಲ್ಲಿ ಮಾಮೂಲು.

ಹಾಗಾಗಿ ಕವರಿನ ಕೆಳಗೆ ಬಿಳಿ ಕಾಗದ ಇಟ್ಟು ಹನಿ ಹಿಡಿದೆ. ಪಕ್ಕದಲ್ಲೇ ಹೋಲಿಕೆಗೆ ಮೂರು ಹನಿ ಇಟ್ಟೆ: ಗೇರ್ ಬಾಕ್ಸಿನ ಮುಚ್ಚಳದ ಡಿಪ್‌ಸ್ಟಿಕ್‌ನಿಂದ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ಒಂದು, 2ಟಿ ಟ್ಯಾಂಕಿನಿಂದ ಒಂದು, ಚೈನ್ ಲೂಬ್ ಒಂದು. 2ಟಿ ಎಣ್ಣೆಗೆ ಕಂಪನಿಗಳು ಬಣ್ಣ ಹಾಕಿರುತ್ತವೆ, ನನ್ನದು ನೀಲಿ. ಕಾಗದದ ಮೇಲೆ ತಕ್ಷಣ ಬೇರೆಯಾಗಿ ಕಂಡಿತು. ಚೈನ್ ಲೂಬ್ ಅಂಟಂಟು, ಬೆರಳಿನ ನಡುವೆ ಎಳೆ ಬರುತ್ತದೆ. ಪೆಟ್ರೋಲ್ ಆಗಿದ್ದರೆ ಸ್ವಲ್ಪ ಹೊತ್ತಿಗೆ ಆರಿ ಬರೀ ಗುರುತು ಉಳಿಯುತ್ತಿತ್ತು. ನೆಲದ ಹನಿ ಮತ್ತು ಡಿಪ್‌ಸ್ಟಿಕ್ಕಿನ ಹನಿ ಎರಡೂ ಒಂದೇ ಬಣ್ಣ, ಒಂದೇ ವಾಸನೆ, ಒಂದೇ ರೀತಿ ಹರಡಿದವು. ಗೇರ್ ಎಣ್ಣೆಯೇ.

ಹಂತ 2: ಎಷ್ಟು ಹೋಗಿದೆ?

ಡಿಪ್‌ಸ್ಟಿಕ್ ಕಡಿಮೆ ಅಂತ ತೋರಿಸುತ್ತಿತ್ತು. ಆದರೆ ಎಷ್ಟು ಕಡಿಮೆ ಅಂತ ಅದು ಹೇಳುವುದಿಲ್ಲ. ಹಾಗಾಗಿ ಎಂಜಿನ್ ಬಿಸಿ ಮಾಡಿ, ಮೇನ್ ಸ್ಟ್ಯಾಂಡ್ ಹಾಕಿ, ಡ್ರೈನ್ ಬೋಲ್ಟ್ ಬಿಚ್ಚಿ ಪೂರ್ತಿ ಇಳಿಯಲು ಬಿಟ್ಟೆ. ಈ ಗಾಡಿಗೆ ಎಣ್ಣೆ ಬದಲಾಯಿಸುವಾಗ ಹಾಕಬೇಕಾದದ್ದು 600 ಮಿ.ಲೀ. ಕಳೆದ ಬಾರಿ ಅಳತೆ ಮಾಡಿಯೇ ಹಾಕಿದ್ದೆ. ಜಾರ್‌ನಲ್ಲಿ ಬಂದದ್ದು 480 ಮಿ.ಲೀ. ಅಂದರೆ 120 ಮಿ.ಲೀ. ಕಾಣೆ. ಐದರಲ್ಲಿ ಒಂದು ಪಾಲು!

ಇಲ್ಲೊಂದು ಪ್ರಶ್ನೆ ಎದ್ದಿತು. ನೆಲದ ಮೇಲೆ ಮತ್ತು ಚೈನಿನ ಮೇಲೆ ಕಂಡದ್ದೆಲ್ಲ ಸೇರಿ 120 ಮಿ.ಲೀ. ಆಗುತ್ತದಾ? ಟೂ-ಸ್ಟ್ರೋಕ್ ಗಾಡಿಯಲ್ಲಿ ಕ್ರ್ಯಾಂಕ್ ಶಾಫ್ಟಿನ ಕ್ಲಚ್ ಕಡೆಯ ಸೀಲ್ ಹೋದರೆ ಒಂದು ಹನಿಯೂ ಹೊರಗೆ ಬೀಳದೆ ಗೇರ್ ಎಣ್ಣೆ ಖಾಲಿಯಾಗುತ್ತದೆ. ಪಿಸ್ಟನ್ ಮೇಲೆ ಹೋಗುವಾಗ ಕ್ರ್ಯಾಂಕ್ ಕೇಸಿನೊಳಗೆ ಸೆಳೆತ ಹುಟ್ಟುತ್ತದೆ, ಆ ಸೆಳೆತಕ್ಕೆ ಗೇರ್ ಎಣ್ಣೆ ಸೀಲ್ ದಾಟಿ ಒಳಗೆ ಬಂದು ಉರಿಯುತ್ತದೆ. ಗುರುತು ಏನೆಂದರೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಮೂಗಿಗೆ ಬೇರೆ ಥರದ ಸುಟ್ಟ ವಾಸನೆ, ಪದೇ ಪದೇ ಒದ್ದೆಯಾಗಿ ಕಪ್ಪಾಗುವ ಸ್ಪಾರ್ಕ್ ಪ್ಲಗ್. ನನ್ನ ಗಾಡಿಯಲ್ಲಿ ಪ್ಲಗ್ ಒಣಗಿತ್ತು, ಕಂದು ಬಣ್ಣಕ್ಕಿತ್ತು. ಬಿಸಿಯಾದ ಮೇಲೆ ಹೊಗೆ ತೆಳುವಾಗುತ್ತಿತ್ತು. ಕ್ರ್ಯಾಂಕ್ ಸೀಲ್ ಮೇಲಿನ ಅನುಮಾನವನ್ನು ಸದ್ಯಕ್ಕೆ ಬದಿಗಿಟ್ಟೆ. ಪೂರ್ತಿ ಬಿಡಲಿಲ್ಲ, ಕೊನೆಯಲ್ಲಿ ಮತ್ತೆ ಅಳೆಯಬೇಕು ಅಂತ ಬರೆದಿಟ್ಟುಕೊಂಡೆ.

ಡ್ರೈನ್ ಬೋಲ್ಟಿನ ವಾಷರ್ ಹಳೆಯದಾಗಿ ಚಪ್ಪಟೆಯಾಗಿತ್ತು. ಹೊಸ ವಾಷರ್ ಹಾಕಿ 20 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದೆ. ಕೇಸ್ ಅಲ್ಯೂಮಿನಿಯಂ. ಸೋರುತ್ತಿದೆ ಅಂತ ಡ್ರೈನ್ ಬೋಲ್ಟನ್ನು ಶಕ್ತಿಮೀರಿ ಬಿಗಿ ಮಾಡಿದರೆ ಮರೆ (ಥ್ರೆಡ್) ಕಿತ್ತು ಬರುತ್ತದೆ, ಆಮೇಲೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಹೊಸ ಎಣ್ಣೆ 600 ಮಿ.ಲೀ. ಹಾಕಿದೆ, ವೆಟ್ ಕ್ಲಚ್‌ಗೆ (ಎಣ್ಣೆಯಲ್ಲಿ ನೆನೆಯುವ ಕ್ಲಚ್) ಹೊಂದುವ ಜಾಸೋ ಎಂಎ ದರ್ಜೆಯದ್ದು. ಹೊಸ ಎಣ್ಣೆ ತಿಳಿಯಾಗಿರುವುದರಿಂದ ಹಳೆಯ ಜಿಡ್ಡಿಗೂ ಹೊಸ ಸೋರಿಕೆಗೂ ವ್ಯತ್ಯಾಸ ಗೊತ್ತಾಗುತ್ತದೆ ಅನ್ನುವುದು ಇನ್ನೊಂದು ಲಾಭ.

ಹಂತ 3: ತೊಳೆಯುವುದು

ಈ ಹಂತವನ್ನು ಯಾರೂ ಬಿಡಬಾರದು ಅಂತ ಗಟ್ಟಿಯಾಗಿ ಹೇಳುತ್ತೇನೆ. ಎಣ್ಣೆ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ಎಣ್ಣೆ ಕೆಳಗೆ ಹರಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೆ ಹರಿಯುತ್ತದೆ, ಚೈನಿಗೆ ತಾಗಿದರೆ ಎಲ್ಲ ಕಡೆ ಎರಚುತ್ತದೆ. ಕೊಳೆ ಹಿಡಿದ ಎಂಜಿನ್ ಮೇಲೆ ಇದನ್ನು ಹುಡುಕಲು ಸಾಧ್ಯವೇ ಇಲ್ಲ.

ಮೊದಲು ಗೇರ್ ಲಿವರ್ ತೆಗೆದೆ. ಶಾಫ್ಟ್ ಮತ್ತು ಲಿವರ್ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದುಕೊಂಡರೆ ಮತ್ತೆ ಹಾಕುವಾಗ ಅದೇ ಹಲ್ಲಿಗೆ ಕೂರಿಸಬಹುದು. ಎಡಗಡೆಯ ಕವರಿನ ಸ್ಕ್ರೂಗಳು ಜಾಮ್ ಆಗಿದ್ದವು. ಸಾದಾ ಸ್ಕ್ರೂ ಡ್ರೈವರ್‌ಗೆ ತಲೆ ಸವೆಯಲು ಶುರುವಾದ ತಕ್ಷಣ ನಿಲ್ಲಿಸಿ, ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆದೆ. ಎಲ್ಲವೂ ಬಂದವು.

ಕವರಿನೊಳಗೆ ಬೆರಳು ದಪ್ಪದ ಕೆಸರು ಇತ್ತು. ಚೈನ್ ಎಣ್ಣೆ, ಮಣ್ಣು, ಗೇರ್ ಎಣ್ಣೆ ಎಲ್ಲ ಸೇರಿ ಗಟ್ಟಿಯಾದದ್ದು. ಸೀಲ್ ಕಾಣಲೇ ಇಲ್ಲ. ಮರದ ಕಡ್ಡಿಯಿಂದ ಕೆರೆದು ತೆಗೆದೆ. ಸೀಲ್ ಹತ್ತಿರ ಸ್ಕ್ರೂ ಡ್ರೈವರಿನಿಂದ ಕೆರೆಯುವುದು ಬೇಡ. ಆಮೇಲೆ ಸೀಮೆಎಣ್ಣೆ, ಬ್ರಷ್, ಬಟ್ಟೆ. ಮ್ಯಾಗ್ನೆಟ್ ಕಾಯಿಲ್ ಪಕ್ಕದಲ್ಲೇ ಇರುವುದರಿಂದ ಅದಕ್ಕೆ ಪ್ಲಾಸ್ಟಿಕ್ ಸುತ್ತಿಟ್ಟಿದ್ದೆ. ಸೀಲ್ ಸುತ್ತ ಜೋರಾಗಿ ನೀರು ಹೊಡೆಯಲೂ ಬಾರದು, ಮಣ್ಣು ಸೀಲಿನ ಲಿಪ್ (ಶಾಫ್ಟಿಗೆ ತಾಗುವ ರಬ್ಬರ್ ಅಂಚು) ಒಳಗೆ ಸೇರುತ್ತದೆ. ಕೊನೆಗೆ ಒಣ ಬಟ್ಟೆಯಿಂದ ಒರೆಸಿ ಪೂರ್ತಿ ಆರಲು ಬಿಟ್ಟೆ.

ಹಂತ 4: ಪೌಡರ್ ಹಾಕಿ ನೋಡುವುದು

ಎಡಗಡೆಯಲ್ಲಿ ಗೇರ್ ಎಣ್ಣೆ ಹೊರಬರಬಹುದಾದ ಜಾಗಗಳನ್ನು ಪಟ್ಟಿ ಮಾಡಿದೆ. ಸ್ಪ್ರಾಕೆಟ್ ಶಾಫ್ಟ್ ಸೀಲ್. ಅದರ ಮುಂದೆ ಮೇಲ್ಗಡೆ ಕ್ಲಚ್ ಪುಶ್ ರಾಡ್ ಬರುವ ಸಣ್ಣ ಸೀಲ್. ಕೆಳಗೆ ಗೇರ್ ಶಾಫ್ಟ್ ಸೀಲ್. ನ್ಯೂಟ್ರಲ್ ಸ್ವಿಚ್ಚಿನ ಓ-ರಿಂಗ್ (ಸಂದಿ ಮುಚ್ಚುವ ದುಂಡು ರಬ್ಬರ್ ಉಂಗುರ). ಎರಡು ಕೇಸ್ ಸೇರುವ ಜಾಯಿಂಟ್. ಡ್ರೈನ್ ಬೋಲ್ಟ್. ಮತ್ತೆ ಎಲ್ಲರೂ ಮರೆಯುವ ಒಂದು: ಗೇರ್ ಬಾಕ್ಸಿನ ಮೇಲಿರುವ ಬ್ರೀದರ್ ಪೈಪ್ (ಒಳಗಿನ ಗಾಳಿ ಹೊರಹೋಗುವ ದಾರಿ).

ಬ್ರಷ್ಷಿನಿಂದ ಈ ಎಲ್ಲ ಜಾಗಕ್ಕೂ ತೆಳುವಾಗಿ ಟಾಲ್ಕಂ ಪೌಡರ್ ಹಚ್ಚಿದೆ. ಪೌಡರ್ ದಪ್ಪ ಆದರೆ ಉದುರುತ್ತದೆ, ಮಂಜು ಕೂತ ಹಾಗೆ ಇದ್ದರೆ ಸಾಕು. ಎಣ್ಣೆ ತಾಗಿದ ಕಡೆ ಅದು ತಕ್ಷಣ ಕಪ್ಪಾಗುತ್ತದೆ. ಎಣ್ಣೆಗೆ ಬೆರೆಸುವ ಯುವಿ ಡೈ ಮತ್ತು ಅದರ ಟಾರ್ಚ್ ಕೂಡ ಸಿಗುತ್ತವೆ, ಚೆನ್ನಾಗಿ ಕೆಲಸ ಮಾಡುತ್ತವೆ. ಇಲ್ಲಿ ಪೌಡರೇ ಸಾಕಾಯಿತು.

ಪರೀಕ್ಷೆಯನ್ನು ಮೂರು ಭಾಗ ಮಾಡಿದೆ. ಒಂದು, ಎಂಜಿನ್ ತಣ್ಣಗಿರುವಾಗ ಮೇನ್ ಸ್ಟ್ಯಾಂಡ್ ಮೇಲೆ ಸುಮ್ಮನೆ ನಿಲ್ಲಿಸುವುದು. ಎರಡು, ಸೈಡ್ ಸ್ಟ್ಯಾಂಡ್ ಮೇಲೆ ಎಡಕ್ಕೆ ವಾಲಿಸಿ ನಿಲ್ಲಿಸುವುದು. ಆಗ ಎಣ್ಣೆಯ ಮಟ್ಟ ಎಡಗಡೆ ಏರುತ್ತದೆ, ಮೇನ್ ಸ್ಟ್ಯಾಂಡ್ ಮೇಲೆ ಎಣ್ಣೆಗಿಂತ ಮೇಲಿದ್ದ ಸೀಲ್ ಈಗ ಮುಳುಗುತ್ತದೆ. ಮೂರು, ಚೆನ್ನಾಗಿ ಬಿಸಿಯಾಗುವ ತನಕ ಓಡಿಸುವುದು.

ಮೇನ್ ಸ್ಟ್ಯಾಂಡ್ ಮೇಲೆ ಏನೂ ಇಲ್ಲ. ಸೈಡ್ ಸ್ಟ್ಯಾಂಡ್ ಮೇಲೆ ರಾತ್ರಿ ಕಳೆದ ಮೇಲೆ ಸ್ಪ್ರಾಕೆಟ್ ಹಿಂದೆ ಸೀಲಿನ ಕೆಳಗೆ ಕಪ್ಪು ಗೆರೆ. ಓಡಿಸಿ ಬಂದ ಮೇಲೆ ಅದೇ ಜಾಗದಲ್ಲಿ ಪೂರ್ತಿ ಒದ್ದೆ. ಪುಶ್ ರಾಡ್ ಸೀಲ್, ಗೇರ್ ಶಾಫ್ಟ್, ನ್ಯೂಟ್ರಲ್ ಸ್ವಿಚ್, ಜಾಯಿಂಟ್ ಎಲ್ಲ ಬೆಳ್ಳಗೇ ಇದ್ದವು. ಅತಿ ಮೇಲಿನ, ಅತಿ ಮುಂದಿನ ಒದ್ದೆ ಜಾಗವೇ ಸೋರಿಕೆಯ ಮೂಲಕ್ಕೆ ಹತ್ತಿರ ಅನ್ನುವ ಲೆಕ್ಕದಲ್ಲಿ ಸ್ಪ್ರಾಕೆಟ್ ಶಾಫ್ಟ್ ಕಡೆಗೇ ಬೆರಳು ತೋರಿತು.

ಹಂತ 5: ಬ್ರೀದರ್

ಸೀಲ್ ಕೀಳುವ ಮೊದಲು ಬ್ರೀದರ್ ನೋಡಿದೆ. ಗೇರ್ ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. 30 ಡಿಗ್ರಿಯಲ್ಲಿದ್ದ ಗಾಳಿ 90 ಡಿಗ್ರಿಗೆ ಹೋದರೆ ಸುಮಾರು ಐದನೇ ಒಂದು ಪಾಲು ಹೆಚ್ಚು ಜಾಗ ಬೇಕು. ಅದು ಬ್ರೀದರಿನಿಂದ ಹೋಗಬೇಕು. ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲುಗಳನ್ನು ಒತ್ತುತ್ತದೆ, ಅವುಗಳಲ್ಲಿ ಸವೆದದ್ದು ಯಾವುದೋ ಅಲ್ಲಿಂದ ಎಣ್ಣೆಯನ್ನು ತಳ್ಳುತ್ತದೆ.

ಪೈಪ್ ತೆಗೆದು ಊದಿದೆ. ಗಾಳಿ ಹೋಗಲೇ ಇಲ್ಲ! ತುದಿಯಲ್ಲಿ ಯಾವುದೋ ಹುಳ ಕಟ್ಟಿದ ಮಣ್ಣಿನ ಗೂಡು, ಅದರ ಹಿಂದೆ ಗಟ್ಟಿಯಾದ ಜಿಡ್ಡು. ತೆಳು ತಂತಿ ಹಾಕಿ ತೆಗೆದೆ. ಪೈಪ್ ಒಂದು ಕಡೆ ಮಡಚಿಕೊಂಡು ಬಿರುಕು ಬಿಟ್ಟಿದ್ದರಿಂದ ಹೊಸದನ್ನೇ ಹಾಕಿ, ಮಡಚದ ಹಾಗೆ ದಾರಿ ಬದಲಿಸಿ ಕಟ್ಟಿದೆ. ಕೇಸ್ ಮೇಲಿನ ನಿಪ್ಪಲ್ ಒಳಗೂ ತಂತಿ ಹಾಕಿ ನೋಡಿ, ಬರೀ ಪೈಪ್ ಶುಚಿ ಮಾಡಿದರೆ ಸಾಲದು. ಆದರೆ ಕಸವನ್ನು ಒಳಗೆ ತಳ್ಳಬೇಡಿ.

ಮತ್ತೆ ತೊಳೆದು, ಪೌಡರ್ ಹಚ್ಚಿ, ಅದೇ ದಾರಿಯಲ್ಲಿ ಓಡಿಸಿದೆ. ಸೋರಿಕೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು, ನಿಲ್ಲಲಿಲ್ಲ. ಸೈಡ್ ಸ್ಟ್ಯಾಂಡಿನ ಹನಿ ಮಾತ್ರ ಹಾಗೇ ಇತ್ತು. ಅದು ಸರಿಯೇ, ಎಂಜಿನ್ ನಿಂತಿರುವಾಗ ಒತ್ತಡದ ಪ್ರಶ್ನೆ ಇಲ್ಲ. ಅಂದರೆ ಸೀಲ್ ನಿಜವಾಗಿಯೂ ಸವೆದಿದೆ, ಕಟ್ಟಿದ ಬ್ರೀದರ್ ಅದನ್ನು ಇನ್ನಷ್ಟು ಕೆಡಿಸುತ್ತಿತ್ತು.

ಹೊಸ ಸೀಲ್ ಹಾಕಿದ ಮೇಲೂ ಬೇಗನೆ ಸೋರಲು ಶುರುವಾದರೆ ಮೊದಲು ಇದನ್ನು ನೋಡಿ ಅಂತ ನನ್ನ ಸಲಹೆ. ಖರ್ಚಿಲ್ಲದ ಕೆಲಸ.

ಹಂತ 6: ಸ್ಪ್ರಾಕೆಟ್ ತೆಗೆಯುವುದು, ಸೀಲ್ ಬದಲಾಯಿಸುವುದು

ಸ್ಪ್ರಾಕೆಟ್ ನಟ್ ಬಿಚ್ಚುವಾಗ ಚೈನ್ ಇನ್ನೂ ಸ್ಪ್ರಾಕೆಟ್ ಮೇಲೇ ಇರಬೇಕು. ಮಡಚಿದ ಲಾಕ್ ವಾಷರಿನ ಅಂಚನ್ನು ಉಳಿಯಿಂದ ಚಪ್ಪಟೆ ಮಾಡಿ, ಹಿಂದಿನ ಬ್ರೇಕ್ ಒತ್ತಿ ಹಿಡಿಯಲು ಇನ್ನೊಬ್ಬರನ್ನು ಕರೆದು, ಉದ್ದ ಹಿಡಿಯ ರೆಂಚ್ ಹಾಕಿದೆ. ಹೆಚ್ಚು ಬಲ ಬೇಕಾಗಲಿಲ್ಲ. ನಟ್ ಅಷ್ಟು ಸುಲಭವಾಗಿ ಬಂದದ್ದು ಒಳ್ಳೆಯ ಲಕ್ಷಣವಲ್ಲ. ಈ ಗಾಡಿಯ ಮ್ಯಾನುಯಲ್‌ನಲ್ಲಿರುವುದು 60 ನ್ಯೂಟನ್ ಮೀಟರ್. ಇದನ್ನು ಪುಸ್ತಕದಲ್ಲಿ ಬರೆದುಕೊಂಡೆ, ಮುಂದೆ ಇದು ಬೇಕಾಯಿತು.

ಹಿಂದಿನ ಆಕ್ಸಲ್ ಸಡಿಲಿಸಿ, ಚಕ್ರ ಮುಂದೆ ತಳ್ಳಿ, ಚೈನ್ ಬಿಡಿಸಿ ಸ್ಪ್ರಾಕೆಟ್ ಹೊರತೆಗೆದೆ. ಅದರ ಹಿಂದೆ ಶಾಫ್ಟ್ ಸುತ್ತ ಒಂದು ಉಕ್ಕಿನ ಕಾಲರ್ (ಗಿಡ್ಡ ಕೊಳವೆಯಂಥ ಬಳೆ), ಕಾಲರ್ ಸುತ್ತ ಸೀಲ್. ಸೀಲಿನ ಮುಖದ ಮೇಲೆ 25, 40, 7 ಅಂತ ಅಚ್ಚಾಗಿತ್ತು: ಒಳ ಅಳತೆ, ಹೊರ ಅಳತೆ, ದಪ್ಪ, ಎಲ್ಲ ಮಿ.ಮೀ. ಲೆಕ್ಕ. ಕಾಲರ್ ಹೊರ ಅಳತೆ ವರ್ನಿಯರ್‌ನಲ್ಲಿ ನೋಡಿದರೆ 25ಕ್ಕೆ ಸ್ವಲ್ಪ ಕಡಿಮೆ. ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಿ ಕೇಳುವುದಕ್ಕಿಂತ ಈ ಮೂರು ಸಂಖ್ಯೆ ಹೇಳುವುದು ಖಾತ್ರಿ. ನೈಟ್ರೈಲ್ ರಬ್ಬರಿನದ್ದು ಇಲ್ಲಿ ಸಾಕು.

ಕೀಳುವ ಮೊದಲು ಬಿಡಿಭಾಗಗಳ ಚಿತ್ರ ನೋಡಿಕೊಳ್ಳಲೇಬೇಕು. ಕೆಲವು ಗಾಡಿಗಳಲ್ಲಿ ಸೀಲಿಗೆ ಒಳಗಡೆ ಅಗಲವಾದ ಅಂಚು ಇರುತ್ತದೆ, ಅದು ಕೇಸ್ ಬಿಚ್ಚದೆ ಹೊರಗೆ ಬರುವುದಿಲ್ಲ. ಅಂಥದ್ದನ್ನು ಹೊರಗಿನಿಂದ ಎಳೆದರೆ ಕೇಸ್ ಹಾಳು. ನನ್ನದು ಹೊರಗಿನಿಂದಲೇ ಬರುವಂಥದ್ದು.

ಹಾಗೇ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದೆ. ಬೇರಿಂಗ್ ಸವೆದು ಶಾಫ್ಟ್ ಅಲ್ಲಾಡುತ್ತಿದ್ದರೆ ಹೊಸ ಸೀಲ್ ಹಾಕಿಯೂ ಉಪಯೋಗವಿಲ್ಲ, ಅದೂ ಸ್ವಲ್ಪ ದಿನಕ್ಕೆ ಸೋರುತ್ತದೆ. ಅದೃಷ್ಟಕ್ಕೆ ಕೈಗೆ ಗೊತ್ತಾಗುವಷ್ಟು ಆಟ ಇರಲಿಲ್ಲ.

ಸೀಲಿನ ಲೋಹದ ಭಾಗಕ್ಕೆ ಸಣ್ಣ ತೂತು ಮಾಡಿ, ಸ್ಕ್ರೂ ತಿರುಗಿಸಿ, ಇಕ್ಕಳದಿಂದ ಎಳೆದೆ. ಡ್ರಿಲ್ ಬಿಟ್‌ಗೆ 3 ಮಿ.ಮೀ. ಅಳತೆಯಲ್ಲಿ ಟೇಪ್ ಸುತ್ತಿಟ್ಟಿದ್ದೆ, ಜಾಸ್ತಿ ಒಳಗೆ ಹೋದರೆ ಹಿಂದಿನ ಬೇರಿಂಗ್‌ಗೆ ತಾಗುತ್ತದೆ. ಬಿಟ್ ಮೇಲೆ ಗ್ರೀಸ್ ಬಳಿದಿದ್ದರಿಂದ ಲೋಹದ ಪುಡಿ ಅಂಟಿಕೊಂಡು ಹೊರಗೇ ಬಂತು. ಹಳೆಯ ಸೀಲಿನ ಲಿಪ್ ಪ್ಲಾಸ್ಟಿಕ್ ಥರ ಗಟ್ಟಿಯಾಗಿತ್ತು. ಉಗುರಿನಿಂದ ಒತ್ತಿದರೆ ಬಗ್ಗಲಿಲ್ಲ.

ಕಾಲರ್ ಎಳೆದು ನೋಡಿದೆ, ಶಾಫ್ಟಿಗೆ ಕಚ್ಚಿಕೊಂಡಿತ್ತು. ಸೀಲ್ ಹೇಗೂ ಸಿಕ್ಕಿತಲ್ಲ ಅಂತ ಕಾಲರನ್ನು ಅದರ ಪಾಡಿಗೆ ಬಿಟ್ಟೆ.

ಹೊಸ ಸೀಲ್ ಕೂರಿಸುವಾಗ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ, ಅಂದರೆ ಒಳಗೆ. ಲಿಪ್‌ಗೆ ಗ್ರೀಸ್. ಶಾಫ್ಟಿನ ಹಲ್ಲುಗಳು ಲಿಪ್ಪನ್ನು ಹರಿಯದ ಹಾಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಜಾರಿಸಿದೆ. 40 ಮಿ.ಮೀ.ಗೆ ಸ್ವಲ್ಪ ಕಡಿಮೆ ಅಳತೆಯ ಪೈಪ್ ತುಂಡು ಇಟ್ಟು ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟಿದೆ. ಒಂದು ಕಡೆ ಮಾತ್ರ ಹೊಡೆದರೆ ಓರೆಯಾಗಿ ಕೂರುತ್ತದೆ. ಹಳೆಯದು ಎಷ್ಟು ಆಳಕ್ಕಿತ್ತೋ ಅಷ್ಟಕ್ಕೇ ನಿಲ್ಲಿಸಿದೆ.

ಹಂತ 7: ಮತ್ತೆ ಸೋರಿತು

ಎಲ್ಲ ಜೋಡಿಸಿ, ತೊಳೆದು, ಪೌಡರ್ ಹಾಕಿ ಓಡಿಸಿದೆ. ಕವರ್ ತೆಗೆದಾಗ ಒಳಗೆ ಎಣ್ಣೆ! ಮೊದಲಿನಷ್ಟಿಲ್ಲ, ಆದರೂ ಎಣ್ಣೆ.

ಇಲ್ಲಿ ಇನ್ನೊಂದು ಸೀಲ್ ತಂದು ಹಾಕುವ ಆಸೆ ಬರುತ್ತದೆ. ಸೀಲ್ ಕೆಟ್ಟದ್ದು ಸಿಕ್ಕಿರಬಹುದು, ಓರೆ ಕೂತಿರಬಹುದು ಅನ್ನಿಸುತ್ತದೆ. ಅದಕ್ಕೆ ಮುಂಚೆ ಒದ್ದೆಯ ಆಕಾರ ನೋಡಿದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ.

ಸೀಲಿನ ಮುಖದ ಮೇಲಿನ ಪೌಡರ್ ಬೆಳ್ಳಗೇ ಇತ್ತು. ಸ್ಪ್ರಾಕೆಟ್ಟಿನ ಹಿಂಭಾಗ ಒಣಗಿತ್ತು. ಒದ್ದೆಯಾಗಿದ್ದದ್ದು ಸ್ಪ್ರಾಕೆಟ್ಟಿನ ಹೊರ ಮುಖ, ನಟ್ ಮತ್ತು ಲಾಕ್ ವಾಷರ್. ಕವರಿನ ಒಳಮೈ ಮೇಲೆ ನಟ್ ಇರುವ ಜಾಗದಿಂದ ಸುತ್ತಲೂ ಕಿರಣಗಳ ಹಾಗೆ ಎಣ್ಣೆ ಗೆರೆಗಳು. ಅಂದರೆ ಎಣ್ಣೆ ಸೀಲಿನ ಹೊರಗಿನಿಂದ ಬರುತ್ತಿಲ್ಲ. ಶಾಫ್ಟ್ ಮತ್ತು ಕಾಲರ್ ನಡುವೆ ನುಸುಳಿ, ಶಾಫ್ಟಿನ ಹಲ್ಲುಗಳ ಸಂದಿಯಲ್ಲಿ ಹರಿದು, ಸ್ಪ್ರಾಕೆಟ್ ದಾಟಿ, ನಟ್ ಹತ್ತಿರ ಹೊರಬಂದು ಚಿಮ್ಮುತ್ತಿದೆ.

ಸೀಲ್ ತಡೆಯುವುದು ಕಾಲರಿನ ಹೊರಮೈಯನ್ನು ಮಾತ್ರ. ಒಳಮೈಯನ್ನು ತಡೆಯಲು ಕಾಲರಿನ ಒಳತುದಿಯಲ್ಲಿ ಒಂದು ಓ-ರಿಂಗ್ ಇರುತ್ತದೆ. ಸ್ಪ್ರಾಕೆಟ್ ನಟ್ ಬಿಗಿಯಾದಾಗ ಸ್ಪ್ರಾಕೆಟ್ ಕಾಲರನ್ನು ಒತ್ತುತ್ತದೆ, ಕಾಲರ್ ಓ-ರಿಂಗನ್ನು ಬೇರಿಂಗಿನ ಮೇಲೆ ಒತ್ತುತ್ತದೆ. ನಟ್ ಸಡಿಲವಿದ್ದರೆ ಕಾಲರ್ ಸಣ್ಣಗೆ ಅಲುಗಾಡಿ ಓ-ರಿಂಗನ್ನು ತಿನ್ನುತ್ತದೆ. ಆ ನಟ್ ಅಷ್ಟು ಸುಲಭವಾಗಿ ಬಿಚ್ಚಿದ್ದು ಯಾಕೆ ಮುಖ್ಯ ಅನ್ನುವುದು ಈಗ ಸ್ಪಷ್ಟವಾಯಿತು. ನಟ್ ಸಡಿಲವಾಗಿ ಬಹಳ ಕಾಲ ಓಡಿರಬೇಕು.

ಹಾಗಾಗಿ ಒಂದೇ ಜಾಗದಲ್ಲಿ ಎರಡು ಸೋರಿಕೆ ಇದ್ದವು. ಸೀಲಿನದ್ದು ನಿಂತಿತ್ತು, ಓ-ರಿಂಗಿನದ್ದು ಉಳಿದಿತ್ತು. ಮೊದಲ ಪರೀಕ್ಷೆಯಲ್ಲಿ ಸೀಲಿನ ಎಣ್ಣೆ ಎಲ್ಲವನ್ನೂ ಒದ್ದೆ ಮಾಡಿದ್ದರಿಂದ ಎರಡನೆಯದು ಬೇರೆಯಾಗಿ ಕಾಣಲಿಲ್ಲ.

ಹಂತ 8: ಕಾಲರ್ ಮತ್ತು ಓ-ರಿಂಗ್

ಈ ಬಾರಿ ಎಣ್ಣೆ ಇಳಿಸಿಕೊಂಡು, ಶುದ್ಧ ಜಾರ್‌ನಲ್ಲಿ ಮುಚ್ಚಿಟ್ಟೆ. ಸ್ಪ್ರಾಕೆಟ್ ತೆಗೆದು, ಕಾಲರ್ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದೆ. ಅದು ಸೀಲಿನ ರಬ್ಬರಿನ ಮೇಲೆ ನಿಲ್ಲದ ಹಾಗೆ ಒರೆಸುತ್ತಿದ್ದೆ. ದಪ್ಪ ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಡಿದು, ತಿರುಗಿಸುತ್ತ ಎಳೆದಾಗ ಕಾಲರ್ ಬಂತು. ಬಟ್ಟೆ ಇಲ್ಲದೆ ಹಿಡಿದರೆ ಗೀರು ಬೀಳುತ್ತದೆ, ಆ ಗೀರಿನಿಂದಲೇ ಮತ್ತೆ ಸೋರುತ್ತದೆ.

ಓ-ರಿಂಗ್ ಅನ್ನುವುದು ಹೆಸರಿಗೆ ಮಾತ್ರ ಉಳಿದಿತ್ತು. ಚಪ್ಪಟೆಯಾಗಿ, ಗಟ್ಟಿಯಾಗಿ, ಒಂದು ಕಡೆ ತುಂಡಾಗಿತ್ತು. ತುಂಡುಗಳನ್ನು ಸೇರಿಸಿ ನೋಡಿ, ಒಳಗೆ ಯಾವ ಚೂರೂ ಉಳಿದಿಲ್ಲ ಅಂತ ಟಾರ್ಚ್ ಹಾಕಿ ಖಚಿತ ಮಾಡಿಕೊಂಡೆ.

ಕಾಲರಿನ ಹೊರಮೈಯಲ್ಲಿ ಹಳೆಯ ಸೀಲಿನ ಲಿಪ್ ಉಜ್ಜಿದ ಜಾಗದಲ್ಲಿ ಸುತ್ತಲೂ ಒಂದು ಗೆರೆ ಇತ್ತು. ಉಗುರು ಆಡಿಸಿದರೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಉಗುರಿಗೆ ಸಿಗುವಷ್ಟು ಗುಂಡಿ ಬಿದ್ದರೆ ಹೊಸ ಸೀಲಿನ ಬಾಳಿಕೆ ಕಡಿಮೆ. ಮರಳು ಕಾಗದದಿಂದ ತಿಕ್ಕಿ ಸರಿ ಮಾಡುವವರಿದ್ದಾರೆ. ನಾನು ಹೊಸ ಕಾಲರ್ ಹಾಕಿದೆ. ಹೊಸದು ಸಿಗದೇ ಹೋದರೆ ಇನ್ನೊಂದು ದಾರಿ ಇದೆ: ಜಾಗ ಇದ್ದರೆ ಸೀಲನ್ನು ಮೊದಲಿಗಿಂತ 1 ಮಿ.ಮೀ. ಕಡಿಮೆ ಆಳಕ್ಕೆ ಕೂರಿಸುವುದು. ಆಗ ಲಿಪ್ ಸವೆಯದ ಮೈ ಮೇಲೆ ಕೂರುತ್ತದೆ.

ಕಾಲರಿನ ಒಂದು ತುದಿಯ ಒಳಅಂಚನ್ನು ಓರೆಯಾಗಿ ಕೊರೆದಿರುತ್ತಾರೆ. ಓ-ರಿಂಗ್ ಕೂರುವುದು ಅಲ್ಲಿ, ಆ ತುದಿ ಬೇರಿಂಗ್ ಕಡೆಗೆ ಹೋಗಬೇಕು. ತಿರುಗಾಮುರುಗಾ ಹಾಕಿದರೂ ಕಾಲರ್ ಒಳಗೆ ಕೂರುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ಓ-ರಿಂಗ್ ನಜ್ಜುಗುಜ್ಜಾಗುತ್ತದೆ. ಮೊದಲು ಗ್ರೀಸ್ ಹಚ್ಚಿದ ಓ-ರಿಂಗನ್ನು ಶಾಫ್ಟ್ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗೆ ಜಾರಿಸಿದೆ. ಆಮೇಲೆ ಕಾಲರಿನ ಹೊರಮೈಗೆ ತೆಳುವಾಗಿ ಎಣ್ಣೆ ಹಚ್ಚಿ, ತಿರುಗಿಸುತ್ತ ಸೀಲಿನೊಳಗೆ ತಳ್ಳಿದೆ. ನೇರ ಒತ್ತಿದರೆ ಲಿಪ್ ಒಳಮಗ್ಗುಲಾಗಿ ಮಡಚಿಕೊಳ್ಳಬಹುದು, ಅದರ ಸ್ಪ್ರಿಂಗ್ ಕಳಚಿ ಬೀಳಬಹುದು.

ಸ್ಪ್ರಾಕೆಟ್ ಹಾಕಿ, ಹೊಸ ಲಾಕ್ ವಾಷರ್ ಇಟ್ಟು, ಚೈನ್ ಹಾಕಿ, ಬ್ರೇಕ್ ಒತ್ತಿ ಹಿಡಿದು ನಟ್ಟನ್ನು 60 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದೆ. ವಾಷರಿನ ಅಂಚನ್ನು ನಟ್ ಮೇಲೆ ಮಡಚಿದೆ. ಹಳೆಯ ವಾಷರನ್ನು ಮತ್ತೆ ಮಡಚುವುದು ಬೇಡ, ಎರಡನೇ ಸಲಕ್ಕೆ ಬಿರುಕು ಬಿಡುತ್ತದೆ. ಈ ಅಳತೆ ನನ್ನ ಗಾಡಿಗೆ ಮಾತ್ರ, ನಿಮ್ಮದಕ್ಕೆ ಮ್ಯಾನುಯಲ್ ನೋಡಿ.

ಚೈನ್ ಬಗ್ಗೆ ಒಂದು ಮಾತು. ಕೆಲಸ ಶುರುಮಾಡುವ ಮೊದಲು ಅಳೆದಾಗ ಚೈನ್ ತುಂಬ ಬಿಗಿಯಿತ್ತು, ಮೇಲೆ ಕೆಳಗೆ 10 ಮಿ.ಮೀ.ಗಿಂತ ಹೆಚ್ಚು ಆಡುತ್ತಿರಲಿಲ್ಲ. ಮನುಷ್ಯ ಕೂತಾಗ ಹಿಂದಿನ ಸಸ್ಪೆನ್ಷನ್ ಇಳಿದು ಚೈನ್ ಇನ್ನೂ ಬಿಗಿಯುತ್ತದೆ, ಆ ಎಳೆತವೆಲ್ಲ ಸ್ಪ್ರಾಕೆಟ್ ಶಾಫ್ಟಿನ ಬೇರಿಂಗ್ ಮತ್ತು ಸೀಲ್ ಮೇಲೆ ಬೀಳುತ್ತದೆ. ಈಗ 25 ಮಿ.ಮೀ. ಬಿಟ್ಟಿದ್ದೇನೆ. ಚಕ್ರ ತಿರುಗಿಸಿ, ಚೈನ್ ಅತಿ ಬಿಗಿ ಇರುವ ಜಾಗದಲ್ಲಿ ಅಳೆಯಬೇಕು.

ಹಂತ 9: ಒಪ್ಪಿಕೊಳ್ಳುವ ಮೊದಲಿನ ಪರೀಕ್ಷೆ

ಎಣ್ಣೆಯನ್ನು ಮತ್ತೆ 600 ಮಿ.ಲೀ.ಗೆ ಸರಿ ಮಾಡಿ ಹಾಕಿದೆ. ಜಾಸ್ತಿ ಹಾಕಿದರೂ ತೊಂದರೆಯೇ, ಬ್ರೀದರಿನಿಂದ ಉಕ್ಕಿ ಹೊರಬರುತ್ತದೆ, ಸೀಲ್ ಸೋರಿದ ಹಾಗೆ ಕಾಣುತ್ತದೆ. ತೊಳೆದು, ಪೌಡರ್ ಹಚ್ಚಿ, ಮೂರೂ ಪರೀಕ್ಷೆ ಮತ್ತೆ ಮಾಡಿದೆ. ಮೇನ್ ಸ್ಟ್ಯಾಂಡ್ ಒಣಗಿತ್ತು. ಸೈಡ್ ಸ್ಟ್ಯಾಂಡ್ ಕೆಳಗಿನ ರಟ್ಟಿನ ಮೇಲೆ ಏನೂ ಇಲ್ಲ. ಬಿಸಿ ಮಾಡಿ ಓಡಿಸಿದ ಮೇಲೆ ನಟ್ ಒಣಗಿತ್ತು, ಸೀಲ್ ಮುಖ ಬೆಳ್ಳಗಿತ್ತು, ಕವರಿನೊಳಗೆ ಚೈನ್ ಲೂಬಿನ ಸಣ್ಣ ಚುಕ್ಕೆಗಳು ಮಾತ್ರ.

ಒಂದು ಸಲ ಒಣಗಿ ಕಂಡರೆ ಸಾಲದು. ಕೆಲವು ವಾರ ಮಾಮೂಲಿನಂತೆ ಓಡಿಸಿ, ಎಂಜಿನ್ ಬಿಸಿಯಿರುವಾಗಲೇ ಎಣ್ಣೆ ಇಳಿಸಿ ಅಳೆದೆ. ಜಾರ್‌ನಲ್ಲಿ 590 ಮಿ.ಲೀ. ಒಳಗಿನ ಗೋಡೆ, ಕ್ಲಚ್ ಪ್ಲೇಟ್‌ಗಳಿಗೆ ಅಂಟಿ ಉಳಿದದ್ದನ್ನು ಲೆಕ್ಕ ಹಾಕಿದರೆ ಕಡಿಮೆಯಾಗಿಲ್ಲ ಅಂತಲೇ ಹೇಳಬೇಕು. ಹಂತ 2ರಲ್ಲಿ ಬದಿಗಿಟ್ಟಿದ್ದ ಕ್ರ್ಯಾಂಕ್ ಸೀಲಿನ ಅನುಮಾನವೂ ಇದರಿಂದ ಹೋಯಿತು. ಒಳಗೆ ಎಳೆಯುತ್ತಿದ್ದರೆ ಹೊರಗೆ ಒಣಗಿದ್ದೂ ಇಲ್ಲಿ ಕಡಿಮೆ ತೋರಿಸಬೇಕಿತ್ತು.

ಬದಲಾದ ಸಾಮಾನು ಒಟ್ಟು ಇಷ್ಟು: ಡ್ರೈನ್ ವಾಷರ್, ಬ್ರೀದರ್ ಪೈಪ್, ಸೀಲ್, ಕಾಲರ್, ಓ-ರಿಂಗ್, ಲಾಕ್ ವಾಷರ್, ಎಣ್ಣೆ. ಎಲ್ಲಕ್ಕಿಂತ ಕಡಿಮೆ ಬೆಲೆಯದ್ದು ಓ-ರಿಂಗ್. ನಿಮ್ಮ ಗಾಡಿಯಲ್ಲಿ ಕಾಲರ್ ಇರುವ ಥರದ ಶಾಫ್ಟ್ ಇದ್ದರೆ ಸೀಲ್ ತರುವಾಗಲೇ ಓ-ರಿಂಗ್ ಕೂಡ ತನ್ನಿ, ಕಾಲರ್ ಕಚ್ಚಿಕೊಂಡಿದ್ದರೂ ಬಿಡಬೇಡಿ. ಕೆಲವು ಬೈಕ್‌ಗಳಲ್ಲಿ ಕಾಲರ್ ಇರುವುದಿಲ್ಲ, ಸೀಲ್ ನೇರವಾಗಿ ಶಾಫ್ಟ್ ಮೇಲೇ ಕೂರುತ್ತದೆ. ಅಲ್ಲಿ ಈ ತೊಂದರೆ ಇಲ್ಲ, ಆದರೆ ಗೆರೆ ಬೀಳುವುದು ಶಾಫ್ಟಿಗೇ.

ಬಾಕಿ ಉಳಿದದ್ದು ಒಂದಿದೆ. ಬಲಗಡೆ ಕಿಕ್ಕರ್ ಶಾಫ್ಟಿನ ಸೀಲ್ ಸುತ್ತ ತೆಳು ಪಸೆ ಕಾಣುತ್ತಿದೆ. ಹನಿ ಆಗುತ್ತಿಲ್ಲ, ಅಳತೆಯಲ್ಲೂ ಕಾಣುತ್ತಿಲ್ಲ. ಕ್ಲಚ್ ಪ್ಲೇಟ್ ಬದಲಾಯಿಸಲು ಆ ಕವರ್ ಹೇಗೂ ಬಿಚ್ಚಬೇಕಾಗುತ್ತದೆ, ಆಗ ಗ್ಯಾಸ್ಕೆಟ್ ಜೊತೆ ಅದನ್ನೂ ಹಾಕುತ್ತೇನೆ. ಅಲ್ಲಿಯ ತನಕ ಚೈನಿಗೆ ಎಣ್ಣೆ ಹಾಕುವಾಗಲೆಲ್ಲ ಅಲ್ಲಿ ಒರೆಸಿ, ಡಿಪ್‌ಸ್ಟಿಕ್ ನೋಡುತ್ತಿದ್ದೇನೆ.